ಬಾಲಧನವೂ ಪಾಲಕಧರ್ಮವೂ

ಶ್ರೀಮಠದ ಮಹೋತ್ಸವದ ಈ ಸಂಸ್ಮರಣ ಸಂಪುಟದಲ್ಲಿ ಮಠದ ಪರಂಪರೆಯನ್ನೂ ಪೂಜ್ಯರ ಮಹಿಮೆಯನ್ನೂ ಕುರಿತು ಬರೆಯಬಲ್ಲ ಅಧಿಕಾರಿಗಳು ಅನೇಕರಿರುವರು. ಆ ಭಾರವನ್ನು ಅವರಿಗೆ ಬಿಟ್ಟು, ಮೇಲುನೋಟಕ್ಕೆ ಕೋರ್ಟುಕಚೇರಿಗಳಿಗೆ ಮಾತ್ರ ಸೇರಿದಂತೆ ತೋರುವ ಒಂದು ವಿಷಯವನ್ನು ನಾನು ಎತ್ತಿಕೊಂಡಿರುವೆನು. ಪ್ರಾಯಕ್ಕೆ ಬಾರದ ಮಗುವಿನ ಆಸ್ತಿಯು ಒಬ್ಬನ ಕೈಗೆ ಬಂದರೆ, ಆತನು ಅದನ್ನು ಹೇಗೆ ನೋಡಿಕೊಳ್ಳಬೇಕು? ಈ ಪ್ರಶ್ನೆಗೆ ನಮ್ಮ ಶಾಸ್ತ್ರಕಾರರೂ ಅರಸರೂ ನ್ಯಾಯಾಧೀಶರೂ ಕಾಲಕಾಲಕ್ಕೆ ಕೊಟ್ಟ ಉತ್ತರಗಳ ಇತಿಹಾಸವನ್ನು ಇಲ್ಲಿ ಸಂಗ್ರಹಿಸಿರುವೆನು. ಇದಕ್ಕೂ ಮಠಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಅತಿ ಸಮೀಪದ್ದು; ಅದು ಲೇಖನದ ಕೊನೆಯಲ್ಲಿ ತಾನಾಗಿಯೇ ವ್ಯಕ್ತವಾಗುವುದು.

ವಿಷಯವು ಯಾರಿಗೂ ಅಪರಿಚಿತವಲ್ಲ. ತಂದೆಯು ತೀರಿಹೋಗುವನು, ಮಗನು ಇನ್ನೂ ಅಕ್ಷರ ತಿದ್ದುವ ವಯಸ್ಸಿನವನು. ಚಿಕ್ಕಪ್ಪನೋ ಸೋದರಮಾವನೋ ಹೊಲಮನೆಗಳ ಮೇಲ್ವಿಚಾರಣೆಯನ್ನು ಕೈಗೆ ತೆಗೆದುಕೊಳ್ಳುವನು. ಹತ್ತು ಹನ್ನೆರಡು ವರ್ಷಗಳು ಕಳೆಯುವುವು. ಮೀಸೆ ಮೂಡಿದ ಹುಡುಗನು ಒಂದು ದಿನ, "ನಮ್ಮ ತಂದೆಯ ಕಾಲದ ಆ ನೀರಾವರಿ ಭೂಮಿ ಏನಾಯಿತು?" ಎಂದು ಕೇಳುವನು. ಲೆಕ್ಕ ಬರೆದಿಟ್ಟವನು ಕೀರ್ದಿಯನ್ನು ಮುಂದಿಡುವನು. ಬರೆದಿಡದವನು, "ನಿನ್ನನ್ನು ಸಾಕಿ ಸಲಹಿದುದಕ್ಕೆ ಇದೇ ಏನು ಪ್ರತಿಫಲ?" ಎಂದು ಕೋಪಿಸಿಕೊಳ್ಳುವನು. ಆ ಕೋಪದಿಂದ ಒಡೆದ ಮನೆಗಳು ನಮ್ಮ ಸೀಮೆಯ ಪ್ರತಿಯೊಂದು ಗ್ರಾಮದಲ್ಲಿಯೂ ಉಂಟು. ಸಾಕಿದವನು ದುಷ್ಟನೇ ಆಗಿರಬೇಕೆಂಬ ನಿಯಮವಿಲ್ಲ. ಅನೇಕ ವೇಳೆ ಆತನು ಪ್ರೀತಿಯಿಂದಲೇ ಸಾಕಿರುವನು. ಆದರೆ ಪ್ರೀತಿಯೊಂದೇ ಲೆಕ್ಕವಾಗಲಾರದು. ಈ ಮಾತನ್ನು ನಮ್ಮ ಹಿರಿಯರು ಬಹುಪೂರ್ವದಲ್ಲಿಯೇ ಅರಿತಿದ್ದರು.

೧. ಶಾಸ್ತ್ರಕಾರರ ವಿಧಿ

ಬಾಲಕನಿಗೆ ದಾಯವಾಗಿ ಬಂದ ಧನವನ್ನು ಅರಸನು ಕಾಯಬೇಕೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುವುದು. ಆ ಕಾವಲು ಎಲ್ಲಿಯವರೆಗೆ? ಹುಡುಗನು ಗುರುಕುಲವಾಸವನ್ನು ಮುಗಿಸಿ ಮನೆಗೆ ಮರಳುವವರೆಗೆ, ಇಲ್ಲವೆ ಬಾಲ್ಯವನ್ನು ದಾಟುವವರೆಗೆ. ಈ ಸಣ್ಣ ವಿಧಿಯಲ್ಲಿ ಎರಡು ದೊಡ್ಡ ತತ್ತ್ವಗಳು ಅಡಗಿರುವುವು. ಮಗುವಿನ ಧನದ ಕೊನೆಯ ಹೊಣೆಯು ನಂಟರದಲ್ಲ, ರಾಜ್ಯದ್ದು ಎಂಬುದು ಒಂದು. ಆ ಹೊಣೆಗೆ ಒಂದು ಅವಧಿಯುಂಟು, ಅವಧಿಯು ತೀರಿದೊಡನೆ ಕಾವಲುಗಾರನು ಬಾಗಿಲು ಬಿಟ್ಟು ಸರಿಯಬೇಕು ಎಂಬುದು ಇನ್ನೊಂದು.

ಕೌಟಿಲ್ಯನ ಅರ್ಥಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದು. ಶತಮಾನಗಳಿಂದ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿಯ ಪ್ರತಿಯು ಮೈಸೂರಿನ ಸರ್ಕಾರೀ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, ೧೯೦೯ರಲ್ಲಿ ಅಚ್ಚಾಗಿ ಲೋಕಕ್ಕೆ ಮರಳಿ ದೊರೆತುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಅದರ ಎರಡನೆಯ ಅಧಿಕರಣದ ಮೊದಲಿಗೆ, ಬಾಲಕನ ದ್ರವ್ಯವನ್ನು ಗ್ರಾಮವೃದ್ಧರು ಆತನು ವ್ಯವಹಾರಕ್ಕೆ ಅರ್ಹನಾಗುವವರೆಗೆ ವೃದ್ಧಿಪಡಿಸಬೇಕೆಂಬ ವಿಧಿಯಿದೆ. ಕಾಯುವುದು ಮಾತ್ರವಲ್ಲ, ಬೆಳೆಸುವುದೂ ಪಾಲಕನ ಧರ್ಮವೆಂದಾಯಿತು. ಅದಕ್ಕಿಂತಲೂ ಗಮನಿಸತಕ್ಕ ವಿಷಯವೆಂದರೆ, ದೇವದ್ರವ್ಯವನ್ನೂ ಹಾಗೆಯೇ ನೋಡಿಕೊಳ್ಳಬೇಕೆಂದು ಅದೇ ಉಸಿರಿನಲ್ಲಿ ಹೇಳಿರುವುದು. ಮಗುವಿನ ಧನವನ್ನೂ ದೇವರ ಧನವನ್ನೂ ಒಂದೇ ತಕ್ಕಡಿಯಲ್ಲಿಟ್ಟ ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಮೂರನೆಯ ಮಾತು ನಮ್ಮ ಕಲ್ಯಾಣದಿಂದ ಬಂದುದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣಪುರದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗದ ನ್ಯಾಯವು ನಿಂತುದು ಈ ಗ್ರಂಥದ ಮೇಲೆ. ಕುಟುಂಬದ ಸ್ಥಿರಾಸ್ತಿಯನ್ನು ಒಬ್ಬನೇ ಪರಾಧೀನ ಮಾಡಲಾಗದು ಎಂಬುದು ಸಾಮಾನ್ಯ ನಿಯಮ. ಆದರೆ ಮಕ್ಕಳು ಮೊಮ್ಮಕ್ಕಳು ಒಪ್ಪಿಗೆ ಕೊಡಲಾರದ ಎಳೆಯರಾಗಿರುವಾಗ ಕುಟುಂಬಕ್ಕೆ ಆಪತ್ತು ಬಂದರೆ? ಆಗ ಆಪತ್ಕಾಲಕ್ಕಾಗಿ, ಕುಟುಂಬದ ಪೋಷಣೆಗಾಗಿ, ಅವಶ್ಯಕವಾದ ಧರ್ಮಕಾರ್ಯಕ್ಕಾಗಿ, ಸಮರ್ಥನಾದ ಒಬ್ಬನೇ ಆಸ್ತಿಯನ್ನು ಒತ್ತೆಯಿಡಬಹುದು, ಮಾರಲೂಬಹುದು ಎಂದು ವಿಜ್ಞಾನೇಶ್ವರನು ವಿವರಿಸಿರುವನು. ಪಾಲಕನಿಗೆ ಅಧಿಕಾರವು ಎಲ್ಲಿಂದ ಬಂದಿತೆಂಬುದು ಇಲ್ಲಿ ಸ್ಪಷ್ಟವಾಗಿದೆ. ಅದು ಆತನ ಹಿರಿತನದಿಂದ ಬಂದುದಲ್ಲ, ಮಗುವಿನ ಅವಶ್ಯಕತೆಯಿಂದ ಬಂದುದು. ಅವಶ್ಯಕತೆಯು ಮುಗಿದಲ್ಲಿ ಅಧಿಕಾರವೂ ಮುಗಿಯಿತು.

೨. ಕನ್ನಡನಾಡಿನ ಇತಿಹಾಸದ ಸಾಕ್ಷ್ಯ

ಮನೆಯ ಮಟ್ಟದ ಪಾಲಕತ್ವಕ್ಕೆ ದಾಖಲೆಗಳು ವಿರಳ. ಅರಮನೆಯ ಪಾಲಕತ್ವಕ್ಕೆ ಇತಿಹಾಸವೇ ದಾಖಲೆ. ಧರ್ಮವು ಎರಡಕ್ಕೂ ಒಂದೇ ಆಗಿರುವುದರಿಂದ ನಮ್ಮ ನಾಡಿನ ಕೆಲವು ಉದಾಹರಣೆಗಳನ್ನು ನೋಡೋಣ.

ಕೆಳದಿಯ ಸೋಮಶೇಖರನಾಯಕನು ಮಕ್ಕಳಿಲ್ಲದೆ ಅಳಿದಮೇಲೆ ರಾಣಿ ಚೆನ್ನಮ್ಮಾಜಿಯು ಬಸಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು, ಸುಮಾರು ಇಪ್ಪತ್ತೈದು ವರ್ಷಗಳ ಕಾಲ ರಾಜ್ಯವನ್ನು ತಾನೇ ನಡೆಸಿದಳು. ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಆಕೆಯ ಧೈರ್ಯವು ಲೋಕವಿಖ್ಯಾತವಾದುದು. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಇನ್ನೊಂದು ಸಂಗತಿ. ಆಕೆಯ ತರುವಾಯ ರಾಜ್ಯವು ಒಡೆಯದೆ, ಪರರ ಪಾಲಾಗದೆ, ಬಸಪ್ಪನಾಯಕನಿಗೇ ಸೇರಿತು.

ಕಿತ್ತೂರಿನ ಕಥೆಯು ಬೇರೊಂದು ಪಾಠವನ್ನು ಕಲಿಸುವುದು. ೧೮೨೪ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ದೇಸಾಯಿಯು ತೀರಿಕೊಂಡಾಗ ಶಿವಲಿಂಗಪ್ಪನೆಂಬ ಕುಮಾರನನ್ನು ದತ್ತು ತೆಗೆದುಕೊಂಡಿದ್ದರು. ಧಾರವಾಡದ ಕಲೆಕ್ಟರನಾದ ಥ್ಯಾಕರೆಯು ಆ ದತ್ತಕವನ್ನು ಸಂಶಯಿಸಿ, ಸಂಸ್ಥಾನದ ಭಂಡಾರಕ್ಕೆ ಮುದ್ರೆಯೊತ್ತಿ ಕಾವಲಿರಿಸಿದನು. ಭಂಡಾರವನ್ನು ಭದ್ರಪಡಿಸುವುದಕ್ಕಾಗಿಯೇ ಹೀಗೆ ಮಾಡಿದೆನೆಂದು ಆತನು ಹೇಳಬಹುದಾಗಿತ್ತು. ಆದರೆ ಉತ್ತರಾಧಿಕಾರಿಯಿಲ್ಲವೆಂದಾದರೆ ಆ ಆಸ್ತಿಯೆಲ್ಲವೂ ಸೇರುವುದು ಯಾರಿಗೆ? ಕಂಪನಿ ಸರ್ಕಾರಕ್ಕೇ. ಮಗುವಿನ ಹಕ್ಕು ಬಿದ್ದುಹೋದರೆ ಯಾರಿಗೆ ಲಾಭವೋ ಅವರೇ ಮಗುವಿನ ಧನಕ್ಕೆ ಕಾವಲು ನಿಂತರೆ ಅದು ಪಾಲಕತ್ವವಾಗದು. ರಾಣಿ ಚೆನ್ನಮ್ಮನ ಮನವಿಗಳು ಫಲಿಸಲಿಲ್ಲ. ಅಕ್ಟೋಬರ್ ೨೩ರ ಕಾಳಗದಲ್ಲಿ ಥ್ಯಾಕರೆಯು ಮಡಿದನು. ವರ್ಷಾಂತ್ಯದೊಳಗೆ ಕೋಟೆಯೂ ಬಿದ್ದಿತು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಲಿಂಗೈಕ್ಯಳಾದಳು. ಸ್ವಾರ್ಥವುಳ್ಳವನು ಕಾವಲುಗಾರನಾಗಲಾಗದು ಎಂಬ ನ್ಯಾಯಸೂತ್ರಕ್ಕೆ ಇದಕ್ಕಿಂತ ದುಃಖಕರವಾದ ಭಾಷ್ಯವು ಬೇಕಿಲ್ಲ.

ಇನ್ನು ಮೈಸೂರು. ೧೭೯೯ರ ಜೂನ್ ೩೦ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟವೇರಿದಾಗ ಅವರಿಗೆ ಐದು ವರ್ಷ. ಹಿಂದೆ ಟಿಪ್ಪುಸುಲ್ತಾನನ ಸೇವೆಯಲ್ಲಿದ್ದ ಪೂರ್ಣಯ್ಯನವರು ದಿವಾನರಾಗಿ ರಾಜ್ಯವನ್ನು ನಡೆಸಿದರು. ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹಗಳನ್ನು ಸಲ್ಲಿಸುತ್ತ, ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸುತ್ತ, ೧೮೧೧ರಲ್ಲಿ ಅವರು ಅಧಿಕಾರವನ್ನು ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕಿ ಹಣವಿತ್ತೆಂದು ಇತಿಹಾಸಕಾರರು ಬರೆದಿರುವರು. ಕಾಯುವ ಧರ್ಮವನ್ನೂ ಬೆಳೆಸುವ ಧರ್ಮವನ್ನೂ ಪೂರ್ಣಯ್ಯನವರು ಪಾಲಿಸಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಒಪ್ಪಿಸುವ ಕಾಲವು ಬಂದಾಗ ಅದು ಸುಲಭವಾಗಿ ನೆರವೇರಲಿಲ್ಲ. ಯುವಕ ಅರಸರು ಅಧಿಕಾರವನ್ನು ಕೇಳಿದರು. ವೃದ್ಧ ಮಂತ್ರಿಗಳಿಗೆ ಬಿಡಲು ಮನಸ್ಸು ಬಾರದಾಯಿತು. ಮನಸ್ತಾಪದ ಬಳಿಕ ಅವರು ನಿವೃತ್ತರಾಗಿ ೧೮೧೨ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದಲ್ಲಿ ಕಾಲವಾದರು. ಕೂಡಿಟ್ಟ ಧನವು ಮುಂದೆ ಇಪ್ಪತ್ತು ವರ್ಷಗಳೊಳಗೆ ಕರಗಿತು. ೧೮೩೧ರಲ್ಲಿ ಕಂಪನಿಯು ಆಡಳಿತವನ್ನೇ ವಹಿಸಿಕೊಂಡಿತು. ಇದಕ್ಕೆ ಅನೇಕ ಕಾರಣಗಳುಂಟು. ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಭಂಡಾರವನ್ನು ತುಂಬಿಸುವಷ್ಟೇ ಶ್ರದ್ಧೆಯಿಂದ ಭಂಡಾರದ ಒಡೆಯನನ್ನು ತಯಾರು ಮಾಡಬೇಕೆಂಬ ಪಾಠವನ್ನು ಇದರಿಂದ ಕಲಿಯಬಹುದು.

ಆ ಪಾಠವನ್ನು ಮೈಸೂರು ಮುಂದೆ ಕಲಿಯಿತೆಂದೇ ಹೇಳಬೇಕು. ೧೮೬೮ರಲ್ಲಿ ಐದು ವರ್ಷದ ಚಾಮರಾಜೇಂದ್ರ ಒಡೆಯರು ಉತ್ತರಾಧಿಕಾರಿಗಳಾದರು. ಅವರಿಗೆ ಹದಿನೆಂಟು ತುಂಬಿದಮೇಲೆ ೧೮೮೧ರ ಮಾರ್ಚ್ ೨೫ರಂದು, ಐವತ್ತು ವರ್ಷ ಪರಾಧೀನವಾಗಿದ್ದ ರಾಜ್ಯವು ಅವರ ಕೈಸೇರಿತು. ೧೮೯೪ರ ಡಿಸೆಂಬರಿನಲ್ಲಿ ಅವರು ಕಲ್ಕತ್ತೆಯಲ್ಲಿ ಅಕಾಲ ಮರಣ ಹೊಂದಿದಾಗ ಕುಮಾರ ಕೃಷ್ಣರಾಜ ಒಡೆಯರಿಗೆ ಹತ್ತೇ ವರ್ಷ. ತಾಯಿಯಾದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರೀಜೆಂಟರಾಗಿ ಮಂತ್ರಾಲೋಚನ ಸಭೆಯ ನೆರವಿನಿಂದ ರಾಜ್ಯವನ್ನಾಳಿದರು. ೧೮೯೭ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಯಿತು. ೧೮೯೮ರಲ್ಲಿ ಪ್ಲೇಗು ಬಂದಿತು. ಈ ಕಷ್ಟಗಳ ನಡುವೆಯೇ ಹೊಸ ಅರಮನೆಯ ಕೆಲಸವೂ ಮಾರಿಕಣಿವೆಯ ಜಲಾಶಯದ ಕೆಲಸವೂ ಮೊದಲಾದುವು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಮಗನಿಗೆ ರಾಜ್ಯವನ್ನು ಕಾಯ್ದಿಟ್ಟಂತೆಯೇ ರಾಜ್ಯಕ್ಕೆ ಮಗನನ್ನು ಸಿದ್ಧಪಡಿಸಿದುದೂ ನಡೆಯಿತು. ಮಗನು ಹದಿನೆಂಟು ತುಂಬಿದ ವರ್ಷವೇ, ೧೯೦೨ರ ಆಗಸ್ಟ್ ೮ರಂದು, ಅಧಿಕಾರವು ಆತನಿಗೆ ಸಂದಿತು. ತಾಯಿಯು ಸರಿದು ನಿಂತಳು. ನಾಲ್ವಡಿಯವರ ಆಳ್ವಿಕೆಯನ್ನು ಹೊಗಳುವವರು ಆ ಏಳು ವರ್ಷಗಳ ಕಾವಲನ್ನೂ ನೆನೆಯಬೇಕು.

೩. ಸಾಲಗಾರನ ಪ್ರಶ್ನೆಯೂ ೧೮೫೬ರ ತೀರ್ಪೂ

ಅರಮನೆಯಿಂದ ನ್ಯಾಯಾಲಯಕ್ಕೆ ಬರೋಣ. ಮಗುವಿನ ಆಸ್ತಿಯ ಮೇಲೆ ಪಾಲಕನು ಮಾಡಿದ ಸಾಲವು ಮಗುವನ್ನು ಕಟ್ಟುವುದೇ? ಈ ಪ್ರಶ್ನೆಗೆ ಭಾರತಕ್ಕೆಲ್ಲ ಅನ್ವಯಿಸುವ ಉತ್ತರವು ೧೮೫೬ರಲ್ಲಿ ಇಂಗ್ಲೆಂಡಿನ ಪ್ರಿವಿ ಕೌನ್ಸಿಲಿನಿಂದ ಬಂದಿತು. ಅದು ಹನುಮಾನ್ ಪ್ರಸಾದ ಪಾಂಡೆಯೆಂಬ ಸಾಹುಕಾರನ ವ್ಯಾಜ್ಯವೆಂದು ವಕೀಲರೆಲ್ಲರಿಗೂ ಚಿರಪರಿಚಿತವಾಗಿರುವುದು. ಗೋರಖಪುರದ ಕಡೆಯ ಒಬ್ಬ ರಾಣಿಯು, ಮಗನು ಚಿಕ್ಕವನಾಗಿದ್ದಾಗ, ಪಿತ್ರಾರ್ಜಿತ ಭೂಮಿಯನ್ನು ಅಡಮಾನವಿಟ್ಟು ಆ ಸಾಹುಕಾರನಿಂದ ಹಣ ತೆಗೆದಳು. ಸರ್ಕಾರದ ಕಂದಾಯದ ಬಾಕಿಯು ಅದರಲ್ಲಿ ಸೇರಿತ್ತು. ಬೆಳೆದ ಮಗನು ಆ ಅಡಮಾನವು ತನಗೆ ಬಾಧಕವಲ್ಲವೆಂದು ದಾವೆ ಹೂಡಿದನು.

ನ್ಯಾಯಾಧೀಶರ ಸಿದ್ಧಾಂತದ ಸಾರವಿದು. ತನ್ನದಲ್ಲದ ಆಸ್ತಿಯ ಮೇಲೆ ಸಾಲದ ಹೊರೆಯನ್ನು ಹೊರಿಸುವ ಪಾಲಕನ ಅಧಿಕಾರವು ಮಿತವಾದುದು. ಅವಶ್ಯಕತೆಯಿದ್ದಾಗ, ಇಲ್ಲವೆ ಆಸ್ತಿಯ ಹಿತಕ್ಕಾಗಿ ಮಾತ್ರವೇ ಅದನ್ನು ಉಪಯೋಗಿಸಬಹುದು. ವಿವೇಕಿಯಾದ ಒಡೆಯನು ತನ್ನ ಆಸ್ತಿಯ ವಿಷಯದಲ್ಲಿ ಮಾಡಬಹುದಾದಂಥ ವ್ಯವಹಾರವೇ ಇದು ಎಂದು ನೋಡಬೇಕು. ಹಿಂದೆ ಆಡಳಿತವು ಕೆಟ್ಟಿತ್ತೆಂಬ ಒಂದೇ ಕಾರಣದಿಂದ ಪ್ರಾಮಾಣಿಕ ಸಾಲಗಾರನ ಹಣವು ಮುಳುಗಬಾರದು. ಆ ಸಮಯದಲ್ಲಿ ಆಸ್ತಿಯ ಮೇಲಿದ್ದ ನಿಜವಾದ ಒತ್ತಡವೇನು, ತಪ್ಪಿಸಬೇಕಾದ ಅಪಾಯವೇನು, ದೊರೆಯುವ ಲಾಭವೇನು ಎಂಬುದೇ ಮುಖ್ಯ. ಆದರೆ ಹಣ ಕೊಡುವವನಿಗೂ ಧರ್ಮವುಂಟು. ಅವಶ್ಯಕತೆಯಿದೆಯೇ ಎಂದು ಆತನು ವಿಚಾರಿಸಿ, ಪಾಲಕನು ಆಸ್ತಿಯ ಹಿತಕ್ಕಾಗಿಯೇ ನಡೆಯುತ್ತಿರುವನೆಂದು ಸಾಧ್ಯವಾದಷ್ಟು ಮನಗಾಣಬೇಕು. ಪ್ರಾಮಾಣಿಕವಾಗಿ ವಿಚಾರಿಸಿ ಕೊಟ್ಟಮೇಲೆ, ಆ ಹಣವು ಹೇಗೆ ವೆಚ್ಚವಾಯಿತೆಂದು ಬೆನ್ನಟ್ಟಿ ನೋಡಬೇಕಾದ ಹೊಣೆ ಆತನದಲ್ಲ. ಅಪಾಯವನ್ನು ತಂದವರಲ್ಲಿ ತಾನೂ ಒಬ್ಬನಾಗಿದ್ದರೆ ಮಾತ್ರ ಆತನಿಗೆ ಆ ರಕ್ಷಣೆ ಇಲ್ಲ.

ಕಲ್ಯಾಣದ ವಿಜ್ಞಾನೇಶ್ವರನ ಮಾತಿಗೂ ಲಂಡನ್ನಿನ ಈ ತೀರ್ಪಿಗೂ ಏಳುನೂರು ವರ್ಷಗಳ ಅಂತರವುಂಟು; ತಿರುಳು ಮಾತ್ರ ಒಂದೇ. ಪಾಲಕನ ಕೈಗೆ ಬಲ ಕೊಡುವುದು ಮಗುವಿನ ಕಷ್ಟವೇ ಹೊರತು ಪಾಲಕನ ಇಚ್ಛೆಯಲ್ಲ.

೪. ಶಾಸನದಲ್ಲಿ ಕಟ್ಟಿದ ಕರ್ತವ್ಯಗಳು

ಮುಂಬಯಿ ಪ್ರಾಂತದ ಹಳೆಯ ಕಾಗದಪತ್ರಗಳಲ್ಲಿ ಪ್ರಾಯಕ್ಕೆ ಬಾರದವನನ್ನು "ಅಜ್ಞಾನ"ನೆಂದೂ ಆತನ ಪಾಲಕನನ್ನು "ಅಜ್ಞಾನ ಪಾಲನಕರ್ತ"ನೆಂದೂ ಬರೆಯುವ ರೂಢಿಯಿತ್ತು. ಆ ಪಾಲನಕರ್ತನಿಗೆ ೧೮೬೪ರಲ್ಲಿ ಮುಂಬಯಿ ಪ್ರಾಂತಕ್ಕೆ ಒಂದು ಕಾಯಿದೆಯಾಯಿತು. ಇಂಥ ಬೇರೆ ಬೇರೆ ಕಾಯಿದೆಗಳನ್ನು ತೆಗೆದು ೧೮೯೦ರಲ್ಲಿ "ಪಾಲಕರ ಮತ್ತು ಪಾಲ್ಯರ ಕಾಯಿದೆ"ಯನ್ನು ಮಾಡಿದರು. ಇಂದಿಗೂ ನ್ಯಾಯಾಲಯದಿಂದ ನೇಮಕವಾಗುವ ಪಾಲಕನಿಗೆ ಇದೇ ಆಧಾರ. ಅದರಲ್ಲಿರುವ ಕರ್ತವ್ಯಗಳನ್ನು ಭಕ್ತಮಹಾಶಯರಿಗಾಗಿ ಸುಲಭ ಕನ್ನಡದಲ್ಲಿ ಹೇಳುವೆನು.

ಮೊದಲನೆಯದು, ಲಾಭಪಡೆಯದಿರುವುದು. ಪಾಲಕನಿಗೂ ಪಾಲ್ಯನಿಗೂ ಇರುವುದು ನಂಬಿಕೆಯ ಸಂಬಂಧ. ಪಾಲಕನು ತನ್ನ ಸ್ಥಾನದಿಂದ ಸ್ವಂತಕ್ಕೆ ಯಾವ ಲಾಭವನ್ನೂ ಮಾಡಿಕೊಳ್ಳಕೂಡದು. ಹುಡುಗನು ಪ್ರಾಯಕ್ಕೆ ಬಂದ ಹೊಸದರಲ್ಲಿಯೇ ಆತನ ಆಸ್ತಿಯನ್ನು ತಾನು ಕೊಳ್ಳುವ ವ್ಯವಹಾರಕ್ಕೂ ಈ ನಿಯಮವು ಅಂಟಿಕೊಳ್ಳುವುದು. ಹದಿನೆಂಟು ತುಂಬಿದ ಮರುದಿನವೇ ಎಳೆಯನ ಮನಸ್ಸು ಪಾಲಕನ ಹಿಡಿತದಿಂದ ಬಿಡುಗಡೆಯಾಗುವುದಿಲ್ಲವೆಂದು ಶಾಸನಕಾರರು ಬಲ್ಲರು. ಶ್ರಮಕ್ಕೆ ಪ್ರತಿಫಲ ಬೇಕಾದರೆ ನ್ಯಾಯಾಲಯವು ಗೊತ್ತುಮಾಡಬೇಕು, ತಾನೇ ಎತ್ತಿಕೊಳ್ಳಲಾಗದು.

ಎರಡನೆಯದು, ಜಾಗರೂಕತೆ. ಸಾಧಾರಣ ವಿವೇಕಿಯು ತನ್ನ ಸ್ವಂತ ಆಸ್ತಿಯನ್ನು ಹೇಗೆ ನೋಡಿಕೊಳ್ಳುವನೋ ಹಾಗೆ ಪಾಲ್ಯನ ಆಸ್ತಿಯನ್ನು ನೋಡಿಕೊಳ್ಳಬೇಕು. ಪಾಲಕನು ತನ್ನ ಹೊಲವನ್ನೇ ಬೀಳುಬಿಡುವ ಸೋಮಾರಿಯಾದರೆ, "ನನ್ನದನ್ನೂ ಹೀಗೆಯೇ ಬಿಟ್ಟಿದ್ದೆನು" ಎಂಬ ಸಮಾಧಾನವು ನಡೆಯದು. ಅಳತೆಗೋಲು ಆತನಲ್ಲ, ವಿವೇಕಿಯಾದ ಗೃಹಸ್ಥನು.

ಮೂರನೆಯದು, ಪರಾಧೀನ ಮಾಡದಿರುವುದು. ನ್ಯಾಯಾಲಯದಿಂದ ನೇಮಿತನಾದ ಪಾಲಕನು ಮುಂಚಿತವಾಗಿ ಅಪ್ಪಣೆ ಪಡೆಯದೆ ಸ್ಥಿರಾಸ್ತಿಯನ್ನು ಮಾರುವುದಾಗಲಿ, ಅಡವಿಡುವುದಾಗಲಿ, ದಾನವಾಗಿ ಕೊಡುವುದಾಗಲಿ, ಬದಲಾಯಿಸುವುದಾಗಲಿ ಕೂಡದು. ಗುತ್ತಿಗೆಯನ್ನೂ ಐದು ವರ್ಷ ಮೀರಿ, ಇಲ್ಲವೆ ಪಾಲ್ಯನು ಪ್ರಾಯಕ್ಕೆ ಬಂದು ಒಂದು ವರ್ಷ ಕಳೆದಮೇಲೆಯೂ ನಡೆಯುವಂತೆ ಕೊಡಕೂಡದು. ಅವಶ್ಯಕತೆಯಾಗಲಿ ಸ್ಪಷ್ಟವಾದ ಲಾಭವಾಗಲಿ ಕಂಡರೆ ಮಾತ್ರ ನ್ಯಾಯಾಲಯವು ಅಪ್ಪಣೆ ಕೊಡುವುದು. ಆ ಕಾರಣವನ್ನು ಆಜ್ಞೆಯಲ್ಲಿಯೇ ಬರೆಯುವುದು.

ನಾಲ್ಕನೆಯದು, ಲೆಕ್ಕ. ನ್ಯಾಯಾಲಯವು ವಿಧಿಸಿದರೆ ಪಾಲಕನು ಜಾಮೀನಿನೊಡನೆ ಮುಚ್ಚಳಿಕೆ ಬರೆದುಕೊಡಬೇಕು. ಆರು ತಿಂಗಳೊಳಗೆ ಸ್ಥಿರಾಸ್ತಿ, ನಗದು, ಚರಾಸ್ತಿ, ಬರತಕ್ಕ ಸಾಲ, ಕೊಡತಕ್ಕ ಸಾಲ ಇವೆಲ್ಲದರ ಪಟ್ಟಿಯನ್ನು ಸಲ್ಲಿಸಬೇಕು. ಗೊತ್ತುಪಡಿಸಿದ ಕಾಲಗಳಲ್ಲಿ ಜಮಾಖರ್ಚನ್ನು ತೋರಿಸಬೇಕು. ಉತ್ಪನ್ನದಿಂದ ಮಗುವಿನ ಅಶನವಸನಗಳನ್ನೂ ವಿದ್ಯಾಭ್ಯಾಸವನ್ನೂ ನಡೆಸಬೇಕು.

ಐದನೆಯದು, ಒಪ್ಪಿಸುವಿಕೆ. ಪಾಲಕತ್ವವು ಮುಗಿದೊಡನೆ ಕೈಯಲ್ಲಿರುವ ಆಸ್ತಿಯನ್ನೂ ಲೆಕ್ಕಪತ್ರಗಳನ್ನೂ ಒಪ್ಪಿಸಬೇಕು. ಒಪ್ಪಿಸಿ ಬಿಡುಗಡೆಯ ಪತ್ರ ಪಡೆದವನೇ ಋಣಮುಕ್ತನು.

೧೯೫೬ರಲ್ಲಿ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವದ ಕಾಯಿದೆಯು ಬಂದಿತು. ವೀರಶೈವರೂ ಲಿಂಗಾಯತರೂ ಇದಕ್ಕೆ ಒಳಪಡುವರೆಂದು ಅದರ ಆರಂಭದಲ್ಲಿಯೇ ಹೆಸರಿಸಿ ಹೇಳಿರುವುದರಿಂದ ನಮ್ಮ ಸಮಾಜದವರು ಇದನ್ನು ಅರಿತಿರುವುದು ಅಗತ್ಯ. ಹಿಂದೆ ತಂದೆತಾಯಿಗಳೆಂಬ ಸಹಜ ಪಾಲಕರು ಅವಶ್ಯಕತೆಯಿದ್ದರೆ ತಾವೇ ಮಗುವಿನ ಭೂಮಿಯನ್ನು ಮಾರಬಹುದಾಗಿತ್ತು. ಈಗ ಅವರಿಗೂ ನ್ಯಾಯಾಲಯದ ಪೂರ್ವಾನುಮತಿ ಬೇಕು. ಅನುಮತಿಯಿಲ್ಲದ ಕ್ರಯವನ್ನು ಮಗುವು ಬೆಳೆದು ರದ್ದುಪಡಿಸಿಕೊಳ್ಳಬಹುದು; ೧೯೬೩ರ ಅವಧಿ ಕಾಯಿದೆಯಂತೆ ಅದಕ್ಕೆ ಪ್ರಾಯಕ್ಕೆ ಬಂದಂದಿನಿಂದ ಮೂರು ವರ್ಷಗಳ ಕಾಲಾವಕಾಶವುಂಟು. ಯಾವ ನೇಮಕವೂ ಇಲ್ಲದೆ, ಬರಿಯ ನಂಟತನದ ಬಲದಿಂದ ಆಸ್ತಿಯನ್ನು ನೋಡಿಕೊಳ್ಳುವವನಿಗಂತೂ ಅದನ್ನು ವಿಲೇವಾರಿ ಮಾಡುವ ಅಧಿಕಾರವೇ ಇಲ್ಲ. ಎಲ್ಲ ಪ್ರಶ್ನೆಗಳಲ್ಲಿಯೂ ಮಗುವಿನ ಕ್ಷೇಮವೇ ಪರಮವೆಂದು ಕಾಯಿದೆಯು ಸಾರುವುದು. ತಂದೆಯ "ತರುವಾಯ" ತಾಯಿ ಪಾಲಕಳೆಂಬ ಮಾತಿಗೆ, ತಂದೆಯು ಬದುಕಿರುವವರೆಗೂ ತಾಯಿಗೆ ಅಧಿಕಾರವಿಲ್ಲವೆಂದು ಅರ್ಥವಲ್ಲ, ಆತನು ನೋಡಿಕೊಳ್ಳದ ಸ್ಥಿತಿಯಲ್ಲಿರುವಾಗ ಎಂದು ಅರ್ಥವೆಂಬುದಾಗಿ ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ವ್ಯಾಖ್ಯಾನ ಮಾಡಿತು. ವಾಣೀವಿಲಾಸರ ನಾಡಿನವರಿಗೆ ಇದು ಆಶ್ಚರ್ಯವಾಗಲಾರದು. ೧೮೭೫ರ ಕಾಯಿದೆಯಂತೆ ಸಾಮಾನ್ಯವಾಗಿ ಹದಿನೆಂಟಕ್ಕೆ ಪ್ರಾಯ; ನ್ಯಾಯಾಲಯವು ಪಾಲಕನನ್ನು ನೇಮಿಸಿದ್ದಲ್ಲಿ ಇಪ್ಪತ್ತೊಂದು ಎಂಬ ಭೇದವಿತ್ತು. ೧೯೯೯ರ ತಿದ್ದುಪಡಿಯಿಂದ ಆ ಭೇದವು ಹೋಗಿ ಎಲ್ಲರಿಗೂ ಹದಿನೆಂಟೇ ಆಯಿತು.

೫. ಎಂದೂ ಪ್ರಾಯಕ್ಕೆ ಬಾರದ ಪಾಲ್ಯ

ಈಗ ಮಠದ ಮಾತಿಗೆ ಬರುವೆನು. ಬಾಲದ್ರವ್ಯವನ್ನೂ ದೇವದ್ರವ್ಯವನ್ನೂ ಕೌಟಿಲ್ಯನು ಜೊತೆಗೂಡಿಸಿದನಷ್ಟೆ. ಆ ಜೋಡಣೆಯನ್ನು ಆಧುನಿಕ ನ್ಯಾಯಾಸನಗಳೂ ತಮ್ಮ ದಾರಿಯಲ್ಲಿ ಬಂದು ಕಂಡುಕೊಂಡುವು. ೧೮೭೫ರ ಒಂದು ತೀರ್ಪಿನಲ್ಲಿ ಪ್ರಿವಿ ಕೌನ್ಸಿಲು, ದೇವರ ಆಸ್ತಿಯನ್ನು ನಡೆಸುವವನ ಅಧಿಕಾರವು ಬಾಲಕನ ಆಸ್ತಿಯನ್ನು ನಡೆಸುವವನ ಅಧಿಕಾರಕ್ಕೆ ಸಮಾನವೆಂದು ಹೇಳಿ, ೧೮೫೬ರ ಸಿದ್ಧಾಂತವನ್ನೇ ಅನ್ವಯಿಸಿತು. ೧೯೧೭ರಲ್ಲಿ ತಮಿಳುನಾಡಿನ ಪಂಡಾರಸನ್ನಿಧಿಯೊಬ್ಬರ ವ್ಯಾಜ್ಯದಲ್ಲಿ, ಆಸ್ತಿಯ "ಹಿತ"ವೆಂದರೇನೆಂಬ ಪ್ರಶ್ನೆ ಬಂದಿತು. ನಾಶದಿಂದ ಉಳಿಸುವುದು, ಆಸ್ತಿಗೆ ವಿರೋಧವಾದ ದಾವೆಯನ್ನು ಎದುರಿಸುವುದು, ನೆರೆಯಿಂದ ಕೊಚ್ಚಿಹೋಗದಂತೆ ಕಾಪಾಡುವುದು ಇಂಥವು ಹಿತಗಳು; ಭೂಮಿಯನ್ನು ಮಾರಿ ಬಂದ ಹಣವನ್ನು ಹೆಚ್ಚು ಬಡ್ಡಿಗೆ ಹಾಕುವುದು ಮಾತ್ರ ಹಿತವೆನಿಸದು ಎಂಬುದು ನ್ಯಾಯಾಧೀಶರ ಅಭಿಪ್ರಾಯ.

ಆದರೆ ಮಠಾಧಿಪತಿಗಳು ಬರಿಯ ಪಾರುಪತ್ಯಗಾರರೇ? ಅಲ್ಲ. ೧೯೨೧ರಲ್ಲಿ ಪ್ರಿವಿ ಕೌನ್ಸಿಲು, ಮಠಾಧಿಪತಿಯು ಇಂಗ್ಲಿಷ್ ನ್ಯಾಯದ ಅರ್ಥದಲ್ಲಿ ಟ್ರಸ್ಟಿಯಲ್ಲವೆಂದೂ, ಆದರೂ ತನ್ನ ಅಧಿಕಾರಾವಧಿಯನ್ನು ಮೀರಿ ಮಠದ ಭೂಮಿಯನ್ನು ಶಾಶ್ವತ ಗುತ್ತಿಗೆಗೆ ಕೊಟ್ಟು ಮುಂದಿನವರನ್ನು ಕಟ್ಟಿಹಾಕಲಾರನೆಂದೂ ನಿರ್ಣಯಿಸಿತು. ೧೯೫೪ರಲ್ಲಿ ಉಡುಪಿಯ ಶಿರೂರು ಮಠದ ಪ್ರಸಿದ್ಧ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಠಾಧಿಪತ್ಯದಲ್ಲಿ ಕರ್ತವ್ಯವೂ ಸ್ವತ್ತಿನ ಅಂಶವೂ ಹೆಣೆದುಕೊಂಡಿವೆಯೆಂದು ವಿವರಿಸಿತು. ಗುರುಪೀಠದ ಗೌರವವನ್ನು ನ್ಯಾಯಾಲಯಗಳು ಕಡಿಮೆ ಮಾಡಲಿಲ್ಲ. ಪೀಠವು ವ್ಯಕ್ತಿಗಿಂತ ದೀರ್ಘಾಯುವೆಂದು ಮಾತ್ರ ನೆನಪಿಸಿದುವು.

ಮಠಗಳಲ್ಲಿ ಉತ್ತರಾಧಿಕಾರಕ್ಕೆ ಎಳೆಯ ಮರಿಯನ್ನು ಆಯ್ದು ಬೆಳೆಸುವ ಪದ್ಧತಿಯನ್ನು ನಾವೆಲ್ಲರೂ ಕಂಡಿರುವೆವು. ಅಂಥಲ್ಲಿ ಹಿರಿಯರು ಎರಡು ಪಾಲಕತ್ವಗಳನ್ನು ಒಟ್ಟಿಗೆ ಹೊರುವರು. ಮರಿಯು ಬೆಳೆದು ಪೀಠವನ್ನೇರಿದಾಗ ಒಂದು ಪಾಲಕತ್ವವು ಮುಗಿಯುವುದು. ಇನ್ನೊಂದು ಮುಗಿಯುವುದೇ ಇಲ್ಲ. ಏಕೆಂದರೆ ಮಠವೆಂಬ ಪಾಲ್ಯನು ಎಂದೂ ಪ್ರಾಯಕ್ಕೆ ಬಾರನು.

ಭಕ್ತಮಹಾಶಯರೆ, ಈ ಲೇಖನದಲ್ಲಿ ನಾನು ಹೇಳಬೇಕೆಂದಿದ್ದುದು ಇದೇ. ಮನೆಯ ಮಗುವು ಒಂದು ದಿನ ಹದಿನೆಂಟು ತುಂಬಿ ಬಾಗಿಲಲ್ಲಿ ನಿಂತು ಲೆಕ್ಕ ಕೇಳುವನು. ಆ ದಿನದ ಭಯವೇ ಅನೇಕ ಪಾಲಕರನ್ನು ದಾರಿಯಲ್ಲಿಡುವುದು. ನಾಲ್ವಡಿಯವರ ರೀಜೆನ್ಸಿಗೂ ೧೯೦೨ರ ಆಗಸ್ಟ್ ೮ ಎಂಬ ಒಂದು ದಿನವಿತ್ತು. ಮಠಕ್ಕೆ ಅಂಥ ದಿನವೇ ಇಲ್ಲ. ದಾಸೋಹಕ್ಕೆಂದು ಬಿಟ್ಟ ಗದ್ದೆ, ವಿದ್ಯಾರ್ಥಿಗಳಿಗೆಂದು ಕೊಟ್ಟ ಹಣ, ಅಜ್ಜಿಯೊಬ್ಬಳು ಹರಕೆಗೆಂದು ಬಿಚ್ಚಿಕೊಟ್ಟ ಬಳೆ ಇವುಗಳು ಬಾಯಿಬಿಟ್ಟು, "ನಾವು ಏನಾದೆವು?" ಎಂದು ಕೇಳಲಾರವು. ಹಾಗಾದರೆ ಕೇಳುವವರು ಯಾರು?

ನ್ಯಾಯಶಾಸ್ತ್ರವು ಇದಕ್ಕೂ ಉತ್ತರ ಕೊಟ್ಟಿದೆ. ಸಾರ್ವಜನಿಕ ಧರ್ಮಸಂಸ್ಥೆಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನರು ಅನುಮತಿ ಪಡೆದು ಲೆಕ್ಕವನ್ನು ಕೇಳುವ ದಾವೆ ಹೂಡಬಹುದೆಂದು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೯೨ನೆಯ ಕಲಮು ಹೇಳುವುದು. ದೇವರ ಆಸ್ತಿಯನ್ನು ನಡೆಸುವವನೇ ದೇವರಿಗೆ ವಿರೋಧವಾಗಿ ನಡೆದಾಗ ಸಾಮಾನ್ಯ ಭಕ್ತನೂ ದೇವರ ಪರವಾಗಿ ನಿಲ್ಲಬಹುದೆಂದು ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿತು. ಆದರೆ ಕೋರ್ಟಿನ ಬಾಗಿಲು ಕೊನೆಯ ಬಾಗಿಲು. ಅಲ್ಲಿಗೆ ಹೋದ ಮನೆಯು ಗೆದ್ದರೂ ಬಡವಾಗುವುದು. ಮಠವಾದರೆ ಬಡತನದೊಡನೆ ಅಪಕೀರ್ತಿಯನ್ನೂ ಹೊರುವುದು. ಆ ಬಾಗಿಲಿಗೆ ಹೋಗದಂತಿರಲು ದಾರಿ ಒಂದೇ. ಯಾರೂ ಕೇಳುವ ಮೊದಲೇ ವರ್ಷಕ್ಕೊಮ್ಮೆ ಜಮಾಖರ್ಚನ್ನು ಭಕ್ತಸಭೆಯ ಮುಂದೆ ಓದುವುದು. ಆಸ್ತಿಯ ಪಟ್ಟಿಯನ್ನು ಬರೆದಿಡುವುದು. ಕಾರ್ಯಕರ್ತನು ಬದಲಾದಾಗಲೆಲ್ಲ ಪಟ್ಟಿಯನ್ನು ಹಿಡಿದು ಒಪ್ಪಿಸಿ ರಸೀತಿ ಪಡೆಯುವುದು. ಮಠದ ಭೂಮಿಯನ್ನು ಗುತ್ತಿಗೆ ಹಿಡಿಯುವವರಲ್ಲಿ ಕಾರ್ಯಕರ್ತರ ನಂಟರು ಇರದಂತೆ ನೋಡಿಕೊಳ್ಳುವುದು. ಇವೆಲ್ಲವೂ ಮಗುವಿನ ಪಾಲಕನಿಗೆ ಶಾಸನವು ವಿಧಿಸಿದ ಕರ್ತವ್ಯಗಳೇ. ನಾವು ಸ್ವಸಂತೋಷದಿಂದ ಕೈಕೊಳ್ಳಬೇಕಾದುವು.

ಲೆಕ್ಕ ಕೇಳುವುದು ಗುರುದ್ರೋಹವೆಂದು ಭಾವಿಸುವ ಭೋಳೆಭಕ್ತರು ಕೆಲವರಿರುವರು. ಲೆಕ್ಕ ಕೊಡುವುದು ಅವಮಾನವೆಂದು ಭಾವಿಸುವ ಕಾರ್ಯಕರ್ತರೂ ಕೆಲವರಿರುವರು. ಇಬ್ಬರೂ ಒಂದೇ ತಪ್ಪನ್ನು ಮಾಡುವರು. ಕೇಳುವವನು ಗುರುವನ್ನು ಸಂಶಯಿಸುತ್ತಿಲ್ಲ. ಮಾತನಾಡಲಾರದ ಮಗುವಿನ ಪರವಾಗಿ ಮಾತನಾಡುತ್ತಿರುವನು. ಕೊಡುವವನು ತನ್ನನ್ನು ತಗ್ಗಿಸಿಕೊಳ್ಳುತ್ತಿಲ್ಲ. ಕೈ ಶುದ್ಧವೆಂಬ ಸಂತೋಷವನ್ನು ಎಲ್ಲರೊಡನೆ ಹಂಚಿಕೊಳ್ಳುತ್ತಿರುವನು. ಊರಿನಲ್ಲಿ ಚಿಕ್ಕಪ್ಪನು ಕೀರ್ದಿಯನ್ನು ತೆರೆದಿಟ್ಟ ಮನೆಯಲ್ಲಿ ಮಗನು ಆತನ ಕಾಲಿಗೆ ಬಿದ್ದುದನ್ನು ನಾವು ನೋಡಿರುವೆವು.

ಈ ಮಹೋತ್ಸವವು ಶ್ರೀಮಠದ ಆಯುಷ್ಯದಲ್ಲಿ ಒಂದು ಮೈಲಿಗಲ್ಲು. ನಮಗೆ ಹಿಂದಿನವರು ಇದನ್ನು ಕಾಯ್ದು ನಮ್ಮ ಕೈಗೆ ಒಪ್ಪಿಸಿದರು. ನಾವು ಕಾಯ್ದು ಮುಂದಿನವರಿಗೆ ಒಪ್ಪಿಸಬೇಕು. ಕಾಯುವುದು, ಬೆಳೆಸುವುದು, ಲೆಕ್ಕವಿಡುವುದು, ಒಪ್ಪಿಸುವುದು ಈ ನಾಲ್ಕು ಮಾತುಗಳಲ್ಲಿ ಪಾಲಕಧರ್ಮವೆಲ್ಲವೂ ಅಡಗಿದೆ. ಪೂಜ್ಯರ ಕೃಪೆಯಿಂದ ಆ ಧರ್ಮವನ್ನು ನಡೆಸುವ ಶಕ್ತಿಯು ನಮ್ಮೆಲ್ಲರಿಗೂ ಉಂಟಾಗಲೆಂದು ಪ್ರಾರ್ಥಿಸಿ, ಈ ಅಲ್ಪ ಸೇವೆಯನ್ನು ಶ್ರೀಚರಣಗಳಲ್ಲಿ ಸಮರ್ಪಿಸುವೆನು.